ಪೋಲೆಂಡಿನ ಮತದಾರ ಎಳೆದ ಗೆರೆ

ಪೂರ್ವ ಯೂರೋಪಿನಲ್ಲಿ ಕಮ್ಯುನಿಸ್ಟ್ ಆಳ್ವಿಕೆ ಕುಸಿದುದನ್ನು ಬೋಧಿಸುವಾಗ 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದುದರಿಂದಲೇ ಪಾಠವನ್ನು ಆರಂಭಿಸುವುದು ನಮ್ಮಲ್ಲಿ ವಾಡಿಕೆ. ಗೋಡೆಯ ಚಿತ್ರ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬೇಗ ನಿಲ್ಲುತ್ತದೆಂಬುದು ನಿಜ. ಆದರೆ ಅದಕ್ಕೆ ಐದು ತಿಂಗಳು ಮೊದಲೇ ಪೋಲೆಂಡಿನ ಮತದಾರರು ಆ ಆಳ್ವಿಕೆಯ ಬುಡವನ್ನು ಸಡಿಲಗೊಳಿಸಿದ್ದರು.

ಈ ಘಟನೆಯ ಮೂಲವನ್ನು 1980ರ ಆಗಸ್ಟ್ ತಿಂಗಳಿನಲ್ಲಿ ಅರಸಬೇಕು. ಗ್ದಾನ್‌ಸ್ಕ್ ನಗರದ ಲೆನಿನ್ ಹಡಗು ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಆನ್ನಾ ವಾಲೆಂತಿನೋವಿಚ್ ಎಂಬ ಮಹಿಳೆಯನ್ನು ಕೆಲಸದಿಂದ ತೆಗೆದುಹಾಕಿದಾಗ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದರು. ವಿದ್ಯುತ್ ಕೆಲಸಗಾರರಾಗಿದ್ದ ಲೆಕ್ ವಲೇಸಾ ಅವರ ಮುಂದಾಳಾದರು. ಶ್ರಮಜೀವಿಗಳ ಹೆಸರಿನಲ್ಲಿ ಆಳುತ್ತಿದ್ದ ಸರ್ಕಾರವನ್ನು ಶ್ರಮಜೀವಿಗಳೇ ಪ್ರಶ್ನಿಸಿದುದು ಸಾಮಾನ್ಯ ಸಂಗತಿಯಲ್ಲ. ಅಲ್ಲಿ ಉದಯಿಸಿದ ‘ಸಾಲಿಡಾರಿಟಿ’ ಸಂಘಟನೆಗೆ ಸುಮಾರು ಒಂದು ಕೋಟಿ ಜನ ಸದಸ್ಯರಾದರು. 1981ರ ಡಿಸೆಂಬರ್ 13ರಂದು ಜನರಲ್ ಯಾರುಜೆಲ್ಸ್ಕಿ ಸೇನಾಡಳಿತ ಹೇರಿ ಅದರ ನಾಯಕರನ್ನು ಬಂಧಿಸಿದರು. ವಿದೇಶಿ ಸಾಲದ ಹೊರೆಯನ್ನೂ ಅಂಗಡಿಗಳ ಮುಂದಿನ ಉದ್ದ ಸಾಲುಗಳನ್ನೂ ಬಂಧಿಸಲು ಮಾತ್ರ ಆಗಲಿಲ್ಲ. 1988ರಲ್ಲಿ ಮತ್ತೆ ಮುಷ್ಕರಗಳಾದವು. ನಿಷೇಧಕ್ಕೊಳಗಾಗಿದ್ದ ಸಂಘಟನೆಯೊಡನೆಯೇ ಸರ್ಕಾರ 1989ರ ಫೆಬ್ರವರಿ 6ರಿಂದ ಏಪ್ರಿಲ್ 5ರವರೆಗೆ ದುಂಡುಮೇಜಿನ ಸುತ್ತ ಕುಳಿತು ಮಾತನಾಡಬೇಕಾಯಿತು.

ಒಪ್ಪಂದದ ಲೆಕ್ಕಾಚಾರ ಸ್ವಾರಸ್ಯಕರವಾದುದು. 460 ಸ್ಥಾನಗಳ ಕೆಳಮನೆಯಲ್ಲಿ ಶೇಕಡಾ 65ರಷ್ಟನ್ನು ಆಳುವ ಪಕ್ಷ ತನಗೂ ತನ್ನ ಮಿತ್ರರಿಗೂ ಕಾಯ್ದಿರಿಸಿಕೊಂಡಿತು. ಉಳಿದ 161 ಸ್ಥಾನಗಳಿಗೂ ಹೊಸದಾಗಿ ರಚಿತವಾದ 100 ಸ್ಥಾನಗಳ ಮೇಲ್ಮನೆಗೂ ಮುಕ್ತ ಸ್ಪರ್ಧೆ. ಸೋತರೂ ಅಧಿಕಾರ ಕೈಬಿಡದಂತೆ ಕಟ್ಟಿದ ಏರ್ಪಾಟು ಇದು. ಆದರೆ ಅಲ್ಲಿನ ಮತದಾನದ ವಿಧಾನದಲ್ಲಿ ಬೇಡವಾದವರ ಹೆಸರನ್ನು ಹೊಡೆದುಹಾಕಬೇಕಾಗಿತ್ತು. ಪ್ರಧಾನಿ ರಾಕೋವ್‌ಸ್ಕಿಯವರೂ ಸೇರಿದಂತೆ 35 ಗಣ್ಯರ ಪಟ್ಟಿಗೆ ಎದುರಾಳಿಗಳೇ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಮತ ದೊರೆತರೆ ಸಾಕಿತ್ತು. ಜೂನ್ 4ರಂದು ಮತದಾರರು ಲೇಖನಿ ಹಿಡಿದು ಗೆರೆ ಎಳೆದರು. ಮೂವತ್ತೈದರಲ್ಲಿ ಮೂವತ್ತಮೂರು ಜನ, ಪ್ರಧಾನಿಯೂ ಸಹ, ಸ್ಪರ್ಧಿಗಳಿಲ್ಲದೆಯೇ ಸೋತರು! ಎರಡು ಸುತ್ತುಗಳು ಮುಗಿದಾಗ 161ಕ್ಕೆ 161 ಸ್ಥಾನಗಳೂ ಮೇಲ್ಮನೆಯ 99 ಸ್ಥಾನಗಳೂ ಸಾಲಿಡಾರಿಟಿಯ ಪಾಲಾಗಿದ್ದವು. ಅದೇ ಜೂನ್ 4ರಂದು ಬೀಜಿಂಗಿನಲ್ಲಿ ಸೇನೆ ಪ್ರಜಾಪ್ರಭುತ್ವವನ್ನು ಕೇಳಿದ ತರುಣರ ಮೇಲೆ ಗುಂಡು ಹಾರಿಸಿತ್ತೆಂಬುದನ್ನು ನೆನೆದರೆ, ವಾರ್ಸಾದಲ್ಲಿ ಫಲಿತಾಂಶವನ್ನು ಒಪ್ಪಿಕೊಂಡ ಆಳುವವರಿಗೂ ಒಂದಿಷ್ಟು ಮನ್ನಣೆ ಸಲ್ಲಬೇಕೆಂದು ನನಗೆ ತೋರುತ್ತದೆ.

ಜುಲೈ 19ರಂದು ಯಾರುಜೆಲ್ಸ್ಕಿ ಒಂದೇ ಮತದ ಆಧಿಕ್ಯದಿಂದ ಅಧ್ಯಕ್ಷರಾದರು. ಅಷ್ಟರಲ್ಲಿ ಗಾಳಿಯ ದಿಕ್ಕನ್ನು ಅರಿತ ಮಿತ್ರಪಕ್ಷಗಳೆರಡು ಪಾಳೆಯ ಬದಲಿಸಿದವು. ಕಾಯ್ದಿರಿಸಿದ ಬಹುಮತ ಹೀಗೆ ಕರಗಿ, ಆಗಸ್ಟ್ 24ರಂದು ಸಾಲಿಡಾರಿಟಿಯ ತಾದೆವುಷ್ ಮಜೋವಿಯೆತ್‌ಸ್ಕಿ ಪ್ರಧಾನಿಯಾದರು. ಕೆಳಮನೆಗೆ ಸಂಪೂರ್ಣ ಮುಕ್ತ ಚುನಾವಣೆ ನಡೆದುದು 1991ರಲ್ಲಿ.

ಈ ಪರಿವರ್ತನೆಗೆ ತೆತ್ತ ಬೆಲೆಯನ್ನೂ ಮರೆಮಾಚಬಾರದು. 1990ರ ಜನವರಿಯಿಂದ ಜಾರಿಗೆ ಬಂದ ಆರ್ಥಿಕ ಕ್ರಮಗಳಿಂದ ಅಂಗಡಿಗಳು ತುಂಬಿದವು. ಕಾರ್ಖಾನೆಗಳು ಮುಚ್ಚಿ ಅಸಂಖ್ಯಾತರು ನಿರುದ್ಯೋಗಿಗಳಾದರು. 1993ರಲ್ಲಿ ಹಳೆಯ ಪಕ್ಷದ ಉತ್ತರಾಧಿಕಾರಿಗಳನ್ನೇ ಮತದಾರರು ಅಧಿಕಾರಕ್ಕೆ ಕರೆತಂದರು. ಮುಷ್ಕರ ಹುಟ್ಟಿದ ಗ್ದಾನ್‌ಸ್ಕಿನ ಆ ಹಡಗು ಕಾರ್ಖಾನೆ 1996ರಲ್ಲಿ ದಿವಾಳಿಯಾಯಿತು.