ಕೈ ಮುರಿದರೆ ಮನೆ ನಡೆಸುವವರು ಯಾರು?

ಪ್ರಶ್ನೆ: ನಮ್ಮ ಯಜಮಾನರು ವೈರಿಂಗ್ ಕೆಲಸ ಮಾಡುತ್ತಾರೆ. ವಯಸ್ಸು 38, ತಿಂಗಳಿಗೆ ಸುಮಾರು 25,000 ರೂಪಾಯಿ ಬರುತ್ತದೆ. ಒಂದು ಎಲ್‌ಐಸಿ ಪಾಲಿಸಿ ಇದೆ, ಆಯುಷ್ಮಾನ್ ಕಾರ್ಡೂ ಇದೆ. ಪಕ್ಕದ ಮನೆಯ ಪೇಂಟರ್ ಸಾರವೆಯಿಂದ ಬಿದ್ದು ಐದು ತಿಂಗಳಿಂದ ಮನೆಯಲ್ಲೇ ಇದ್ದಾರೆ. ಆಸ್ಪತ್ರೆ ಖರ್ಚು ಹೇಗೋ ಕಳೆಯಿತು, ಈಗ ರೇಷನ್ನಿಗೂ ಸಂಘದ ಕಂತಿಗೂ ಪರದಾಟ. ಇಂಥ ಹೊತ್ತಿನಲ್ಲಿ ಸಂಬಳದ ಹಾಗೆ ದುಡ್ಡು ಕೊಡುವ ವಿಮೆ ಇದೆಯೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ಇದೆ. ಆದರೆ ಅದು ಪಾಲಿಸಿಯ ಒಳಪುಟದಲ್ಲಿ ಕೂತಿರುತ್ತದೆ. ನಾವಾಗಿ ಕೇಳದಿದ್ದರೆ ಏಜೆಂಟರು ಅದರ ಮಾತೆತ್ತುವುದು ಅಪರೂಪ.

ಆಯುಷ್ಮಾನ್ ಕಾರ್ಡು ಆಸ್ಪತ್ರೆಯ ಬಿಲ್ಲನ್ನಷ್ಟೇ ನೋಡಿಕೊಳ್ಳುತ್ತದೆ. ಜೀವವಿಮೆ, ಮನುಷ್ಯ ಹೋದ ಮೇಲೆ ಅಥವಾ ಅವಧಿ ಮುಗಿದ ಮೇಲೆ ಕೊಡುವಂಥದ್ದು. ಜೀವ ಉಳಿದಿದೆ, ದುಡಿಯಲು ಆಗುತ್ತಿಲ್ಲ ಎನ್ನುವ ತಿಂಗಳುಗಳಿಗೆ ಎರಡೂ ಒದಗುವುದಿಲ್ಲ. ನಿಮ್ಮ ನೆರೆಯವರು ಸಿಕ್ಕಿಕೊಂಡಿರುವುದು ಅಲ್ಲೇ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಹಿಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮಗೆ ಗೊತ್ತಿರಬಹುದು. 18ರಿಂದ 70 ವರ್ಷದವರಿಗೆ ಸಿಗುತ್ತದೆ. ಅಪಘಾತದಲ್ಲಿ ಎರಡೂ ಕಣ್ಣು, ಎರಡೂ ಕೈ ಅಥವಾ ಎರಡೂ ಕಾಲು ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ನಿಮ್ಮಿಬ್ಬರ ಹೆಸರಲ್ಲೂ ಖಂಡಿತ ಮಾಡಿಸಿ. ಆದರೆ ‘ಹೋದರೆ’ ಎಂದರೆ ಮತ್ತೆಂದೂ ಬಾರದಂತೆ ಹೋದರೆ ಎಂದರ್ಥ. ಮೂಳೆ ಮುರಿದು, ರಾಡ್ ಹಾಕಿಸಿಕೊಂಡು, ಆರು ತಿಂಗಳಲ್ಲಿ ಮತ್ತೆ ನಡೆಯುವವರಿಗೆ ಇದರಿಂದ ಒಂದು ರೂಪಾಯಿಯೂ ಬರುವುದಿಲ್ಲ. ಬೈಕ್ ಇನ್ಶೂರೆನ್ಸ್ ಜೊತೆ ಮಾಲೀಕ-ಚಾಲಕರಿಗೆ ಇರುವ 15 ಲಕ್ಷದ ಅಪಘಾತ ವಿಮೆಯದೂ ಇದೇ ಕಥೆ.

ಇಡೀ ವಿಷಯದ ಕೀಲು ಇರುವುದು ‘ಶಾಶ್ವತ’, ‘ತಾತ್ಕಾಲಿಕ’ ಎಂಬ ಎರಡು ಪದಗಳಲ್ಲಿ. ನಿಮಗೆ ಬೇಕಾಗಿರುವುದು ವೈಯಕ್ತಿಕ ಅಪಘಾತ ವಿಮೆ, ಅದರೊಳಗೆ ‘ತಾತ್ಕಾಲಿಕ ಪೂರ್ಣ ಅಸಮರ್ಥತೆ’ಯ ಸೌಲಭ್ಯ. ಕಚೇರಿಯಲ್ಲಿ ಟಿಟಿಡಿ ಎಂದು ಕೇಳಿದರೆ ಅವರಿಗೆ ಅರ್ಥವಾಗುತ್ತದೆ. ಕೆಲಸಕ್ಕೆ ಹೋಗಲಾಗದ ವಾರಗಳಿಗೆ ವಾರದ ಲೆಕ್ಕದಲ್ಲಿ ಹಣ ಕೊಡುವುದು ಇದೊಂದೇ. ವಿಮಾ ನಿಯಂತ್ರಣ ಪ್ರಾಧಿಕಾರ 2021ರಲ್ಲಿ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಿಗೂ ಒಂದೇ ಮಾದರಿಯ ‘ಸರಲ್ ಸುರಕ್ಷಾ ಬಿಮಾ’ ಪಾಲಿಸಿಯನ್ನು ಗೊತ್ತು ಮಾಡಿತು. ಅದರಲ್ಲಿ ಈ ಸೌಲಭ್ಯ ತಾನಾಗಿ ಬರುವುದಿಲ್ಲ, ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೆ ವಿಮಾ ಮೊತ್ತದ ಶೇ. 0.2ರಷ್ಟು ವಾರಕ್ಕೆ ಸಿಗುತ್ತದೆ. 15 ಲಕ್ಷದ ಪಾಲಿಸಿಯಾದರೆ ವಾರಕ್ಕೆ 3,000, ತಿಂಗಳಿಗೆ ಹೆಚ್ಚುಕಡಿಮೆ 12,000. ಯಜಮಾನರ ದುಡಿಮೆಯ ಅರ್ಧ. ಸಂಬಳಕ್ಕೆ ಸಮವಲ್ಲ, ಒಲೆಯಂತೂ ಉರಿಯುತ್ತದೆ. ಬೇರೆ ಪಾಲಿಸಿಗಳಲ್ಲಿ ವಾರದ ಮೊತ್ತ, ಗರಿಷ್ಠ ವಾರಗಳು, ಮೊದಲ ಎಷ್ಟು ದಿನ ಲೆಕ್ಕಕ್ಕಿಲ್ಲ ಎಂಬುದು ಬೇರೆ ಬೇರೆ ಇರುತ್ತವೆ. ಈ ಮೂರನ್ನೂ ಕೇಳಿ ತಿಳಿದುಕೊಂಡೇ ಸಹಿ ಹಾಕಿ.

ಅರ್ಜಿಯಲ್ಲಿ ಉದ್ಯೋಗದ ಜಾಗದಲ್ಲಿ ‘ವ್ಯಾಪಾರ’ ಎಂದು ಬರೆಸಿಬಿಡುವ ಏಜೆಂಟರಿದ್ದಾರೆ, ಪ್ರೀಮಿಯಂ ಕಡಿಮೆಯಾಗಲಿ ಎಂದು. ಒಪ್ಪಬೇಡಿ. ಏಣಿ ಹತ್ತುವ, ಕರೆಂಟು ಮುಟ್ಟುವ ಕೆಲಸಕ್ಕೆ ಅಪಾಯದ ದರ್ಜೆ ಬೇರೆ. ಸುಳ್ಳು ಬರೆಸಿದ್ದು ಗೊತ್ತಾಗುವುದು ಕ್ಲೇಮಿನ ದಿನ, ಆಗ ಕಳೆದುಕೊಳ್ಳುವವರು ನೀವು. ಆದಾಯಕ್ಕೆ ದಾಖಲೆಯನ್ನೂ ಕೇಳುತ್ತಾರೆ. ಕೈಗೆ ಬಂದ ನಗದು ಕೈಯಿಂದಲೇ ಖರ್ಚಾದರೆ ತೋರಿಸಲು ಏನೂ ಉಳಿಯದು. ಕೂಲಿಯನ್ನು ಫೋನ್‌ಪೇಯಲ್ಲೋ ಬ್ಯಾಂಕಿಗೋ ಹಾಕಿಸಿಕೊಳ್ಳಲಿ. ತೆರಿಗೆ ಬೀಳದಿದ್ದರೂ ವರ್ಷಕ್ಕೊಮ್ಮೆ ಐಟಿ ರಿಟರ್ನ್ ಸಲ್ಲಿಸಲಿ.

ಮನೆಯಲ್ಲಿರುವ ಎಲ್‌ಐಸಿ ಬಾಂಡನ್ನೂ ಇವತ್ತೇ ತೆಗೆದು ನೋಡಿ. ಅಪಘಾತ ಮರಣ ಮತ್ತು ಅಂಗವೈಕಲ್ಯದ ರೈಡರ್ (ಹೆಚ್ಚುವರಿ ಸೌಲಭ್ಯ) ಸೇರಿಸಿದ್ದರೆ, ಅಪಘಾತದಿಂದ ಪೂರ್ಣ ಹಾಗೂ ಶಾಶ್ವತ ಅಂಗವೈಕಲ್ಯವಾದಾಗ ಆ ರೈಡರ್‌ನ ಮೊತ್ತ ಹತ್ತು ವರ್ಷ ತಿಂಗಳ ಕಂತುಗಳಲ್ಲಿ ಬರುತ್ತದೆ.

ಇಷ್ಟೂ ಅಪಘಾತದ ಮಾತಾಯಿತು. ಕಾಯಿಲೆ ಬಿದ್ದರೆ? ಸ್ವಂತ ದುಡಿಮೆಯವರಿಗೆ ನಮ್ಮಲ್ಲಿ ಅತಿ ದೊಡ್ಡ ಕೊರತೆ ಇದೇ, ನನಗೆ ಬಹಳ ನೋವಿನ ವಿಷಯವೂ ಹೌದು. ಪಾರ್ಶ್ವವಾಯು, ಕ್ಯಾನ್ಸರ್, ಹೃದಯಾಘಾತಗಳಿಗೆ ಒಟ್ಟಿಗೇ ಒಂದು ಮೊತ್ತ ಕೊಡುವ ಗಂಭೀರ ಕಾಯಿಲೆ ಪಾಲಿಸಿಗಳಿವೆ. ಡಿಸ್ಕ್ ಜರುಗಿ, ಮಂಡಿ ಸವೆದು ಏಣಿ ಹತ್ತಲಾಗದವರ ಕೈ ಹಿಡಿಯುವ ಪಾಲಿಸಿ ಸಾಮಾನ್ಯರಿಗೆ ಸಿಗುವುದೇ ಕಷ್ಟ. ಅದೇ ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಖಾನೆಯಲ್ಲಿ, 21,000 ರೂಪಾಯಿವರೆಗಿನ ಸಂಬಳದಲ್ಲಿ ಸೇರಿದ ಕಾರ್ಮಿಕರಿಗೆ ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70, ಕೆಲಸದಲ್ಲಿ ಪೆಟ್ಟಾದರೆ ವಾಸಿಯಾಗುವವರೆಗೂ ಶೇ. 90 ಸಿಗುತ್ತದೆ. ಮಗನಿಗೋ ತಮ್ಮನಿಗೋ ಅಂಥ ಕೆಲಸ ಸಿಕ್ಕರೆ ‘ಇಎಸ್‌ಐ ಕಡಿತ ಬೇಡ, ಕೈಗೇ ಕೊಡಿ’ ಎನ್ನಲು ಬಿಡಬೇಡಿ. ನಿಮ್ಮ ಪಾಲಿಗೆ ಸದ್ಯಕ್ಕೆ ಉಳಿತಾಯವೇ ಗತಿ. ಮೂರು ತಿಂಗಳ ಮನೆಖರ್ಚು, ಮುಟ್ಟದ ಖಾತೆಯಲ್ಲಿ. ವಿಮೆಯ ಹಣ ಬರುವುದೂ ತಡವಾಗುತ್ತದೆ, ಮೊದಲ ತಿಂಗಳ ಅಕ್ಕಿಗೆ ಅದು ಆಗುವುದಿಲ್ಲ.

ಇನ್ನೊಂದು ಬಾಗಿಲಿದೆ. ಕಟ್ಟಡಗಳಲ್ಲಿ ವೈರಿಂಗ್ ಮಾಡುವವರೂ ಪೇಂಟರ್‌ಗಳೂ ಕಟ್ಟಡ ಕಾರ್ಮಿಕರೇ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಪರಿಹಾರ, ದುರ್ಬಲತೆ ಪಿಂಚಣಿ ಅಲ್ಲಿವೆ. ಯಜಮಾನರ ಕಾರ್ಡು ಈ ವಾರವೇ ಮಾಡಿಸಿ. ನೆರೆಯವರಿಗೆ ಕಾರ್ಡು ಇದೆಯೇ ಎಂದು ಕೇಳಿ. ಅವರು ಬಿದ್ದದ್ದು ಮೇಸ್ತ್ರಿಯ ಕೈಕೆಳಗೆ ದುಡಿಯುವಾಗ ಎಂದಾದರೆ ಕೆಲಸ ಕೊಟ್ಟವರಿಂದ ಪರಿಹಾರ ಕೇಳುವ ಹಕ್ಕು ಕಾನೂನಿನಲ್ಲೇ ಇದೆ. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ, ಎಕ್ಸ್‌ರೇ ಹಿಡಿದು, ಜೊತೆ ದುಡಿದವರೊಬ್ಬರನ್ನು ಕರೆದುಕೊಂಡು ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋಗಲಿ. ಐದು ತಿಂಗಳಾಗಿದೆ, ಇನ್ನು ತಡ ಬೇಡ.