ಜೌಗಿನಲ್ಲಿ ಇತಿಹಾಸ ಹುಡುಕುವವರಿಗೆ ಎಂಟು ಸೂತ್ರಗಳು

ಒಣನೆಲ ನಮಗೆ ಉಳಿಸಿಕೊಡುವುದು ಹೆಚ್ಚಾಗಿ ಕಲ್ಲು, ಮಡಕೆ, ಲೋಹ. ಮರ, ತೊಗಲು, ಬೀಜಗಳನ್ನು ಸಾವಿರಾರು ವರ್ಷ ಕಾಪಾಡುವುದು ಜೌಗು. ಅಲ್ಲಿ ನೀರೇ ಕಾವಲು. ಆ ಕಾವಲನ್ನು ಕೆಡಿಸದೆ ಹುಡುಕಿದವರಿಗೇ ಯಶಸ್ಸು.

1. ಕೆಸರಿನ ಗುಣ ಅರಿಯಿರಿ. ನೀರು ತುಂಬಿದ ಮಣ್ಣಿಗೆ ಆಮ್ಲಜನಕ ಇಳಿಯದು, ಹಾಗಾಗಿ ಕೊಳೆಯುವಿಕೆ ನಿಧಾನ. 1950ರಲ್ಲಿ ಡೆನ್ಮಾರ್ಕಿನ ಪೀಟ್ (ಅರೆಕೊಳೆತ ಸಸ್ಯಗಳ ಮಣ್ಣು) ಜೌಗಿನಲ್ಲಿ ಸಿಕ್ಕ ‘ಟೋಲುಂಡ್ ಮನುಷ್ಯ’ ಎಂಬ ಶವದ ಕುರುಚಲು ಗಡ್ಡವೂ ಮಾಸಿರಲಿಲ್ಲ. ಈಚಿನ ಕೊಲೆಯೆಂದು ಪೊಲೀಸರಿಗೆ ಸುದ್ದಿ ಮುಟ್ಟಿತು. ಆತ ಸತ್ತು 2,300 ವರ್ಷ ಕಳೆದಿತ್ತು.

2. ಒಣನೆಲದ ಅಂಚನ್ನು ಗುರುತಿಸಿ. ಜನ ಓಡಾಡಿದ್ದು ದಿಬ್ಬದಿಂದ ದಿಬ್ಬಕ್ಕೆ. ಇಂಗ್ಲೆಂಡಿನ ಸಾಮರ್ಸೆಟ್‌ನ ‘ಸ್ವೀಟ್ ಟ್ರ್ಯಾಕ್’ ಎಂಬ ಹಲಗೆದಾರಿ ಪೋಲ್ಡೆನ್ ಗುಡ್ಡದ ಬುಡವನ್ನು ವೆಸ್ಟ್‌ಹೇ ದಿಬ್ಬಕ್ಕೆ ಸೇರಿಸಿತ್ತು. ಹಳೆಯ ನಕ್ಷೆ ನೋಡಿ, ಊರ ಹಿರಿಯರನ್ನು ಕೇಳಿ. ಜೌಗಿಗೆ ಮಾತ್ರ ಒಬ್ಬರೇ ಇಳಿಯಬೇಡಿ.

3. ಈಗಾಗಲೇ ಅಗೆದ ಕಡೆ ಕಣ್ಣಾಡಿಸಿ. ಆ ಹಲಗೆದಾರಿ 1970ರಲ್ಲಿ ಕಣ್ಣಿಗೆ ಬಿದ್ದದ್ದು ಪೀಟ್ ಅಗೆಯುವ ಕೆಲಸಗಾರನಿಗೆ. 1982ರಲ್ಲಿ ಪುರಾತತ್ವಜ್ಞ ಫ್ರಾನ್ಸಿಸ್ ಪ್ರಯರ್ ಇಂಗ್ಲೆಂಡಿನ ಫ್ಲಾಗ್ ಫೆನ್ ಎಂಬ ಪ್ರಾಚೀನ ನೆಲೆಯನ್ನು ಕಂಡುಕೊಂಡದ್ದು ಕಾಲುವೆಯ ದಂಡೆಯಲ್ಲಿ. ಕೆಲಸಗಾರರ ಗೆಳೆತನ ಮಾಡಿಕೊಳ್ಳಿ. ಮೊದಲ ಸುಳಿವು ಅವರಿಂದಲೇ ಬರುತ್ತದೆ.

4. ಮರದ ತುದಿ ನೋಡಿ. ಬಿದ್ದ ಕೊಂಬೆ ಹರಿದು ಮುರಿದಿರುತ್ತದೆ. ಗೂಟಕ್ಕಾದರೆ ಕೊಡಲಿ ಕೆತ್ತಿದ ಚಪ್ಪಟೆ ಮುಖಗಳಿರುತ್ತವೆ. ಅವು ಕಂಡಲ್ಲೇ ನಿಲ್ಲಿ.

5. ಕೀಳಬೇಡಿ. ಫೋಟೊ ತೆಗೆಯಿರಿ, ಜಾಗ ಮತ್ತು ಆಳ ಬರೆದಿಡಿ. ಸುತ್ತಲಿನ ಮಣ್ಣಿನಲ್ಲಿರುವ ಪರಾಗ, ಕೀಟಗಳ ಚೂರು ಅಂದಿನ ಹವೆ, ಗಿಡಮರಗಳ ಕಥೆ ಹೇಳುತ್ತವೆ. ಸ್ವೀಟ್ ಟ್ರ್ಯಾಕ್‌ನ ಮರಗಳನ್ನು ಕಡಿದದ್ದು ಕ್ರಿ.ಪೂ. 3807-06ರಲ್ಲಿ ಎಂದು ತಿಳಿಸಿದ್ದು ಆ ಮರಗಳೊಳಗಿನ ಉಂಗುರಗಳು.

6. ಒಣಗಲು ಬಿಡಬೇಡಿ. ನೆನೆದ ಮರದ ಕೋಶಗಳನ್ನು ಹಿಡಿದು ನಿಲ್ಲಿಸಿರುವುದೇ ನೀರು. ಅದು ಆರಿದರೆ ಮರ ಸೊಟ್ಟಗಾಗಿ ಸಿಡಿಯುತ್ತದೆ. ಈ ಎಚ್ಚರ ಮರಕ್ಕಷ್ಟೇ ಅಲ್ಲ. 2006ರಲ್ಲಿ ಐರ್ಲೆಂಡಿನ ಫ್ಯಾಡನ್ ಮೋರ್ ಜೌಗಿನಲ್ಲಿ ಯಂತ್ರದ ಬಾಯಿಗೆ ಪ್ರಾಚೀನ ಪ್ರಾರ್ಥನಾ ಗ್ರಂಥವೊಂದು ಸಿಕ್ಕಾಗ, ಅಲ್ಲಿದ್ದವರು ತಕ್ಷಣ ಅದನ್ನು ಹಸಿ ಪೀಟ್‌ನಿಂದ ಮುಚ್ಚಿದರು. ತಜ್ಞರು ಬರುವವರೆಗೆ ಪುಸ್ತಕ ಉಳಿದದ್ದು ಆ ಸಮಯಪ್ರಜ್ಞೆಯಿಂದ.

7. ಕಾನೂನು ಮೀರಬೇಡಿ. ಐರ್ಲೆಂಡಿನಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಪುರಾವಸ್ತು ಹುಡುಕುವುದೇ ಅಪರಾಧ. ಭಾರತದ 1878ರ ನಿಧಿ ಕಾಯ್ದೆಯಂತೆ, ನೆಲದಲ್ಲಿ ಹುದುಗಿದ್ದ ನಿಧಿಯ ಬೆಲೆ 10 ರೂಪಾಯಿ ಮೀರಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕೆರೆಯ ಹೂಳೆತ್ತುವಾಗ ವೀರಗಲ್ಲೋ ಶಾಸನವೋ ಎದ್ದರೆ ತೊಳೆದು ಕುಂಕುಮ ಹಚ್ಚುವ ಮೊದಲು ಪುರಾತತ್ವ ಇಲಾಖೆಗೆ ಸುದ್ದಿ ಕೊಡಿ.

8. ಜೌಗನ್ನೇ ಉಳಿಸಿ. ಇಂಗ್ಲೆಂಡಿನ ಸ್ಟಾರ್ ಕಾರ್ ಸುಮಾರು 11,000 ವರ್ಷ ಹಳೆಯ ನೆಲೆ. 1949-51ರ ಉತ್ಖನನದಲ್ಲಿ ಅಲ್ಲಿ ಜಿಂಕೆಕೊಂಬಿನ ಶಿರಸ್ತ್ರಾಣಗಳು ಸಿಕ್ಕಿದ್ದವು. ಸುತ್ತಲಿನ ನೀರನ್ನು ಬಸಿದ ಮೇಲೆ ಪೀಟ್ ಒಣಗಿ ಆಮ್ಲ ಹೆಚ್ಚಿತು. ಈ ಶತಮಾನದಲ್ಲಿ ಮತ್ತೆ ಅಗೆದಾಗ ಎಷ್ಟೋ ಮೂಳೆ ಮೆತ್ತಗಾಗಿ ಹೋಗಿತ್ತು. ನೀರು ನಿಂತ ನೆಲವನ್ನು ವ್ಯರ್ಥವೆಂದು ಬಸಿದು ಹಾಕುವ ಯೋಜನೆ ನಿಮ್ಮೂರಿಗೆ ಬಂದರೆ ಎದ್ದುನಿಂತು ಪ್ರಶ್ನಿಸಿ. ಹುಡುಕುವವರ ಮೊದಲ ಹೊಣೆ ಅದೇ.