ಜಾಲತಾಣದ ಮೂಲ ಕಡತಗಳ ಪಾಲನೆ
(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಅಂಗನವಾಡಿ ಕಟ್ಟಡವೊಂದು ಪೂರ್ಣಗೊಂಡಾಗ ಅದರ ನಕ್ಷೆ, ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ದಾಖಲೆಗಳು ಕಡತದಲ್ಲಿ ಉಳಿಯುತ್ತವೆ. ಹತ್ತು ವರ್ಷಗಳ ಬಳಿಕ ಗೋಡೆ ಬಿರುಕು ಬಿಟ್ಟರೆ, ಇಲ್ಲವೇ ಇನ್ನೊಂದು ಕೊಠಡಿ ಸೇರಿಸಬೇಕಾದರೆ ಎಂಜಿನಿಯರು ಮೊದಲು ಕೇಳುವುದು ಆ ಕಡತವನ್ನೇ. ಪಂಚಾಯಿತಿಯ ಹಣದಿಂದ ಸಿದ್ಧವಾದ ಜಾಲತಾಣದ ವಿಷಯದಲ್ಲಿ ಈ ಪದ್ಧತಿ ಇನ್ನೂ ಬೇರೂರಿಲ್ಲ. ಪರದೆಯ ಮೇಲೆ ಪುಟಗಳು ತೆರೆದುಕೊಂಡರೆ ಕೆಲಸ ಮುಗಿಯಿತೆಂದು ಭಾವಿಸಿ ಬಿಲ್ಲು ಪಾವತಿಸಲಾಗುತ್ತದೆ. ಯಾವ ಕಡತದಿಂದ ಆ ಪುಟಗಳು ರೂಪುಗೊಂಡವೋ ಆ ಕಡತ ವಿನ್ಯಾಸಕಾರರ ಲ್ಯಾಪ್‌ಟಾಪಿನಲ್ಲೇ ಉಳಿದುಬಿಡುತ್ತದೆ.

ಇದರ ಪರಿಣಾಮ ಕೂಡಲೇ ಕಾಣುವುದಿಲ್ಲ. ಅಧ್ಯಕ್ಷರು ಬದಲಾದಾಗ, ತೆರಿಗೆ ದರ ಪರಿಷ್ಕರಣೆಗೊಂಡಾಗ, ನೀರಿನ ದೂರು ಸ್ವೀಕರಿಸುವ ದೂರವಾಣಿ ಸಂಖ್ಯೆ ಬೇರೆಯಾದಾಗ ಕಾಣುತ್ತದೆ. ಒಂದು ಸಾಲು ತಿದ್ದಲು ಹೋದರೆ ಮೂಲ ಕಡತ ಸಿಗುವುದಿಲ್ಲ. ವಿನ್ಯಾಸಕಾರರು ಬೆಂಗಳೂರಿಗೋ ಹೊರರಾಜ್ಯಕ್ಕೋ ಹೋಗಿರುತ್ತಾರೆ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದ (1)(ಬಿ) ಉಪಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ನಿಗದಿತ ಮಾಹಿತಿಯನ್ನು ಸ್ವತಃ ಪ್ರಕಟಿಸಬೇಕೆಂದೂ, ಪ್ರತಿ ವರ್ಷ ಅದನ್ನು ಪರಿಷ್ಕರಿಸಬೇಕೆಂದೂ ವಿಧಿಸುತ್ತದೆ. ಈ ಪ್ರಕಟಣೆಗೆ ಜಾಲತಾಣವನ್ನು ಅವಲಂಬಿಸಿದ ಪಂಚಾಯಿತಿಗೆ ತಿದ್ದಲಾಗದ ಪುಟವೆಂದರೆ ಶಾಸನಬದ್ಧ ಕರ್ತವ್ಯದಲ್ಲಾದ ಲೋಪವೇ ಸರಿ. ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳ ದತ್ತಾಂಶವು ರಾಜ್ಯ ಮಟ್ಟದಲ್ಲಿ ನಿರ್ವಹಣೆಯಾಗುವುದರಿಂದ ಈ ಪಾಠ ಅವುಗಳಿಗೆ ಅನ್ವಯಿಸುವುದಿಲ್ಲ. ಪಂಚಾಯಿತಿ ತಾನೇ ಮಾಡಿಸಿಕೊಂಡ ಜಾಲತಾಣಗಳಷ್ಟೇ ಇಲ್ಲಿನ ವಿಷಯ.

ಮೂಲ ಕಡತ ಎಂದರೇನು

ಚುನಾವಣೆಗೆ ಸ್ಪರ್ಧಿಸಿದ ಸದಸ್ಯರೆಲ್ಲರೂ ಕರಪತ್ರ ಅಚ್ಚು ಹಾಕಿಸಿರುತ್ತಾರೆ. ಅಚ್ಚಾದ ಕರಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ಕರಪತ್ರವನ್ನು ತಿದ್ದಲಾಗದು. ಡಿಟಿಪಿ ಅಂಗಡಿಯ ಗಣಕಯಂತ್ರದಲ್ಲಿರುವ ಕಡತವನ್ನು ತಿದ್ದಿ ಮತ್ತೆ ಅಚ್ಚು ಹಾಕಬೇಕು. ಜಾಲತಾಣದಲ್ಲಿಯೂ ಹೀಗೆಯೇ. ಸಾರ್ವಜನಿಕರು ನೋಡುವುದು ಅಚ್ಚಾದ ಪ್ರತಿ. ಕಂಪ್ಯೂಟರ್ ನಿರ್ವಾಹಕರು ‘ಪ್ರಾಜೆಕ್ಟ್ ಫೈಲ್’ ಎಂದು ಕರೆಯುವುದು ಡಿಟಿಪಿ ಅಂಗಡಿಯಲ್ಲಿರುವ ಕಡತದಂತಹುದು.

ತಂತ್ರಾಂಶದಿಂದ ತಂತ್ರಾಂಶಕ್ಕೆ ಈ ಕಡತದ ಸ್ವರೂಪ ಬೇರೆ ಬೇರೆ. ಕೆಲವು ತಂತ್ರಾಂಶಗಳಲ್ಲಿ ಇಡೀ ಜಾಲತಾಣ ಒಂದೇ ಕಡತದಲ್ಲಿ ಅಡಗಿರುತ್ತದೆ. ಅಡೋಬಿ ಸಂಸ್ಥೆಯ ಮ್ಯೂಸ್ ಈ ಬಗೆಯದು. ಆ ಒಂದು ಕಡತದಿಂದ ಎಚ್‌ಟಿಎಂಎಲ್ ಪುಟಗಳು ಉತ್ಪನ್ನವಾಗುತ್ತಿದ್ದವು. ಆದರೆ ಉತ್ಪನ್ನವಾದ ಪುಟಗಳನ್ನು ಪುನಃ ಮ್ಯೂಸ್‌ನೊಳಗೆ ತಂದು ತಿದ್ದುವ ಮಾರ್ಗವಿರಲಿಲ್ಲ. ಹಾಲು ಮೊಸರಾದ ಮೇಲೆ ಮತ್ತೆ ಹಾಲಾಗದು.

ಡ್ರೀಮ್‌ವೀವರ್‌ನಲ್ಲಿ ಮೂಲ ಕಡತವೆಂದರೆ ಒಂದು ಫೋಲ್ಡರು. ಪುಟಗಳು, ಚಿತ್ರಗಳು ಇವುಗಳ ಜೊತೆಗೆ ಎಲ್ಲ ಪುಟಗಳಿಗೂ ಸಮಾನವಾದ ಮಾದರಿ ಪುಟಗಳು ‘ಟೆಂಪ್ಲೇಟ್ಸ್’ ಎಂಬ ಒಳ ಫೋಲ್ಡರಿನಲ್ಲಿಯೂ, ಪದೇ ಪದೇ ಬಳಸುವ ತುಣುಕುಗಳು ‘ಲೈಬ್ರರಿ’ ಎಂಬ ಫೋಲ್ಡರಿನಲ್ಲಿಯೂ ಇರುತ್ತವೆ. ಮಾದರಿ ಪುಟದಲ್ಲಿ ಪಂಚಾಯಿತಿಯ ವಿಳಾಸವನ್ನು ಒಮ್ಮೆ ತಿದ್ದಿದರೆ ಅದನ್ನು ಆಧರಿಸಿದ ಎಲ್ಲ ಪುಟಗಳಲ್ಲೂ ತಿದ್ದುಪಡಿಯಾಗುತ್ತದೆ. ಜಾಲತಾಣವು ನಡೆಯಲು ಈ ಎರಡು ಫೋಲ್ಡರುಗಳ ಅಗತ್ಯವಿಲ್ಲದ ಕಾರಣ ಅವನ್ನು ಸಾಮಾನ್ಯವಾಗಿ ಸರ್ವರ್‌ಗೆ ಏರಿಸುವುದಿಲ್ಲ. ಆದುದರಿಂದ ‘ಎಲ್ಲವೂ ಸರ್ವರ್‌ನಲ್ಲಿದೆ, ಬೇಕಾದಾಗ ಇಳಿಸಿಕೊಳ್ಳಬಹುದು’ ಎಂಬ ಉತ್ತರವನ್ನು ಸದಸ್ಯರು ಹಾಗೆಯೇ ಒಪ್ಪಿಕೊಳ್ಳತಕ್ಕದ್ದಲ್ಲ.

ವರ್ಡ್‌ಪ್ರೆಸ್‌ನಲ್ಲಿ ಪರಿಸ್ಥಿತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಎಲ್ಲವೂ ಸರ್ವರ್‌ನಲ್ಲೇ ಇರುತ್ತದೆ, ಆದರೆ ಎರಡು ಕಡೆ ಹಂಚಿಹೋಗಿರುತ್ತದೆ. ಬರಹವೆಲ್ಲ ದತ್ತಸಂಚಯದಲ್ಲಿ, ಅಂದರೆ ಡಾಟಾಬೇಸ್‌ನಲ್ಲಿ. ಚಿತ್ರಗಳು, ವಿನ್ಯಾಸದ ಥೀಮ್ ಮತ್ತು ಪ್ಲಗಿನ್‌ಗಳು ಕಡತಗಳ ರೂಪದಲ್ಲಿ. ಕಡತಗಳನ್ನಷ್ಟೇ ನಕಲು ಮಾಡಿಕೊಂಡವರ ಬಳಿ ಒಂದು ಸಾಲು ಬರಹವೂ ಇರುವುದಿಲ್ಲ. ತಂತ್ರಾಂಶದಲ್ಲೇ ಇರುವ ‘ಎಕ್ಸ್‌ಪೋರ್ಟ್’ ಸೌಲಭ್ಯವನ್ನು ಬಳಸಿದರೆ ಬರಹ ಬರುತ್ತದೆ, ಆದರೆ ಚಿತ್ರಗಳು ಬರುವುದಿಲ್ಲ. ಚಿತ್ರ ಎಲ್ಲಿದೆಯೆಂಬ ವಿಳಾಸ ಮಾತ್ರ ಬರುತ್ತದೆ. ಹಳೆಯ ಜಾಲತಾಣ ಮುಚ್ಚಿಹೋದರೆ ಆ ವಿಳಾಸದಿಂದ ಪ್ರಯೋಜನವಿಲ್ಲ. ಪೂರ್ಣ ಪ್ರತಿ ಎನ್ನಬೇಕಾದರೆ ಎರಡೂ ಭಾಗಗಳು ಒಂದೇ ದಿನ ತೆಗೆದವುಗಳಾಗಿರಬೇಕು.

ತಂತ್ರಾಂಶವೇ ನಿಂತುಹೋದಾಗ

ಮೂಲ ಕಡತ ಕೈಯಲ್ಲಿದ್ದರೂ ಅದನ್ನು ತೆರೆಯುವ ತಂತ್ರಾಂಶ ಮಾರುಕಟ್ಟೆಯಿಂದ ಮರೆಯಾಗುವುದುಂಟು. ಒಂದು ಕಾಲಕ್ಕೆ ಕಚೇರಿಗಳಲ್ಲಿ ಬಹಳ ಬಳಕೆಯಲ್ಲಿದ್ದ ಮೈಕ್ರೋಸಾಫ್ಟ್‌ನ ಫ್ರಂಟ್‌ಪೇಜ್‌ಗೆ 2003ರ ಆವೃತ್ತಿಯೇ ಕೊನೆಯದಾಯಿತು. ಅಡೋಬಿ ಗೋಲೈವ್ 2008ರಲ್ಲಿ ನಿಂತಿತು. ಮ್ಯೂಸ್‌ಗೆ ಹೊಸ ಸೌಲಭ್ಯಗಳನ್ನು ಸೇರಿಸುವುದನ್ನು ನಿಲ್ಲಿಸುವುದಾಗಿ ಅಡೋಬಿ ಸಂಸ್ಥೆ 2018ರ ಮಾರ್ಚ್‌ನಲ್ಲಿ ಪ್ರಕಟಿಸಿ, 2020ರ ಮಾರ್ಚ್‌ನಲ್ಲಿ ಬೆಂಬಲವನ್ನೂ ಹಿಂತೆಗೆದುಕೊಂಡಿತು. ಬಳಕೆದಾರರಿಗೆ ದೊರೆತ ಕಾಲಾವಕಾಶ ಎರಡೇ ವರ್ಷ. ಎರಡು ವರ್ಷವೆಂದರೆ ಒಂದು ಪಂಚಾಯಿತಿಯ ಐದು ವರ್ಷಗಳ ಅವಧಿಯ ಅರ್ಧಕ್ಕಿಂತಲೂ ಕಡಿಮೆ.

ಹೀಗಾಗಿ ಮೂಲ ಕಡತವನ್ನಷ್ಟೇ ಇಟ್ಟುಕೊಂಡರೂ ಸಾಲದು. ಅದರ ಜೊತೆಗೆ ಉತ್ಪನ್ನವಾದ ಎಚ್‌ಟಿಎಂಎಲ್ ಪುಟಗಳ ಒಂದು ಪ್ರತಿ, ಎಲ್ಲ ಬರಹದ ಸರಳ ಪಠ್ಯ ಪ್ರತಿ ಮತ್ತು ಚಿತ್ರಗಳ ಮೂಲ ಪ್ರತಿಗಳು ಇರಬೇಕು. ಈ ಮೂರೂ ಯಾವುದೇ ಒಂದು ಕಂಪನಿಯ ತಂತ್ರಾಂಶವನ್ನು ಅವಲಂಬಿಸಿಲ್ಲ. ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ ಕಡತ ಸಿದ್ಧವಾಯಿತೆಂಬುದನ್ನೂ ಬರೆದಿಡಬೇಕು. ಹೊಸ ಆವೃತ್ತಿಯಲ್ಲಿ ಒಮ್ಮೆ ಉಳಿಸಿದ ಕಡತ ಹಳೆಯ ಆವೃತ್ತಿಯಲ್ಲಿ ತೆರೆಯದಿರುವುದು ಸಾಮಾನ್ಯ ಅನುಭವ. ತಂತ್ರಾಂಶವನ್ನು ನವೀಕರಿಸುವ ಮೊದಲು ಹಳೆಯ ಕಡತದ ನಕಲೊಂದನ್ನು ಮುಟ್ಟದೆ ತೆಗೆದಿರಿಸುವುದು ವಿವೇಕದ ಕ್ರಮ.

ಫೋಲ್ಡರಿನೊಳಗಿನ ಶಿಸ್ತು

ಕಚೇರಿಯ ಗಣಕಯಂತ್ರದಲ್ಲಿ ಚೆನ್ನಾಗಿ ಕಂಡ ಛಾಯಾಚಿತ್ರ ಜಾಲತಾಣದಲ್ಲಿ ಕಾಣದೇ ಹೋಗುವುದುಂಟು. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳು. ಮೊದಲನೆಯದಾಗಿ, ಚಿತ್ರವು ಯೋಜನೆಯ ಫೋಲ್ಡರಿನ ಹೊರಗೆ, ನಿರ್ವಾಹಕರ ಡೆಸ್ಕ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಇದ್ದು, ಪುಟವು ಆ ಸ್ಥಳವನ್ನೇ ತೋರಿಸುತ್ತಿರುತ್ತದೆ. ಎರಡನೆಯದು ಹೆಸರಿನಲ್ಲಿರುವ ಇಂಗ್ಲಿಷ್ ಅಕ್ಷರಗಳ ದೊಡ್ಡ-ಚಿಕ್ಕ ರೂಪದ ವ್ಯತ್ಯಾಸ. ವಿಂಡೋಸ್ ಈ ವ್ಯತ್ಯಾಸವನ್ನು ಎಣಿಸುವುದಿಲ್ಲ. ಬಹುಪಾಲು ಜಾಲತಾಣಗಳು ನಡೆಯುವ ಲಿನಕ್ಸ್ ಸರ್ವರ್ ಎಣಿಸುತ್ತದೆ. ಆದುದರಿಂದ ಕಡತಗಳ ಹೆಸರುಗಳೆಲ್ಲ ಚಿಕ್ಕ ಅಕ್ಷರಗಳಲ್ಲಿ, ನಡುವೆ ಖಾಲಿ ಜಾಗವಿಲ್ಲದೆ ಇರುವುದು ಮೇಲು. ಎಲ್ಲ ಚಿತ್ರಗಳೂ ಯೋಜನೆಯ ಫೋಲ್ಡರಿನೊಳಗೇ ಇರತಕ್ಕದ್ದು.

‘ಫೈನಲ್’, ‘ಫೈನಲ್ 2’, ‘ನಿಜವಾದ ಫೈನಲ್’ ಎಂಬ ಹೆಸರುಗಳು ಯಾವ ಕಚೇರಿಯಲ್ಲೂ ಅಪರೂಪವಲ್ಲ. ಆರು ತಿಂಗಳ ನಂತರ ಯಾವುದು ಕೊನೆಯದೆಂದು ಅದನ್ನು ಇಟ್ಟವರಿಗೂ ತಿಳಿಯದು. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ, ಉದಾಹರಣೆಗೆ 2024-04-05 ಎಂದು, ದಿನಾಂಕವನ್ನು ಹೆಸರಿನ ಆರಂಭದಲ್ಲಿ ಬರೆದರೆ ಗಣಕಯಂತ್ರವೇ ಅವನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಡುತ್ತದೆ. ಒಂದೇ ಕಡತವನ್ನು ಇಬ್ಬರು ಎರಡು ಯಂತ್ರಗಳಲ್ಲಿ ಏಕಕಾಲಕ್ಕೆ ತೆರೆದು ತಿದ್ದಿದರೆ ಒಬ್ಬರ ಕೆಲಸ ಅಳಿಸಿಹೋಗುವ ಅಪಾಯವಿದೆ. ತಿದ್ದುವ ಹೊಣೆ ಯಾವ ದಿನ ಯಾರದೆಂಬುದನ್ನು ಒಂದು ಚಿಕ್ಕ ವಹಿಯಲ್ಲಿ ಬರೆದರೆ ಈ ತೊಡಕಿರುವುದಿಲ್ಲ.

ಕನ್ನಡ ಬರಹದ ವಿಷಯಕ್ಕೆ ಪ್ರತ್ಯೇಕ ಗಮನ ಅಗತ್ಯ. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪಠ್ಯ, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ, ಹುಡುಕಿದರೂ ಸಿಗುವುದಿಲ್ಲ. ಅಂತಹ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಬಳಿಕ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿನಿಂದಲೇ ಓದಿ ತಾಳೆ ನೋಡಬೇಕು, ಏಕೆಂದರೆ ಪರಿವರ್ತಕಗಳು ಎಡವುವುದು ಅಲ್ಲಿಯೇ. ಯೂನಿಕೋಡ್ ಪಠ್ಯವನ್ನು ನೋಟ್‌ಪ್ಯಾಡ್‌ನಲ್ಲಿ ‘ಆನ್ಸಿ’ ಕ್ರಮದಲ್ಲಿ ಉಳಿಸಿದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿಯುತ್ತವೆ; ಮುಚ್ಚಿದ ನಂತರ ಅದನ್ನು ಹಿಂದಕ್ಕೆ ಪಡೆಯಲಾಗದು. ‘ಯುಟಿಎಫ್-8’ ಎಂಬ ಆಯ್ಕೆಯಲ್ಲಿಯೇ ಉಳಿಸತಕ್ಕದ್ದು. ಬರಹವನ್ನು ಚಿತ್ರವಾಗಿ ಮಾಡಿ ಹಾಕುವ ರೂಢಿಯೂ ಇದೆ. ಗ್ರಾಮ ಸಭೆಯ ದಿನಾಂಕವನ್ನು ಚಿತ್ರದೊಳಗೆ ಬರೆದರೆ, ದಿನಾಂಕ ಮುಂದಕ್ಕೆ ಹೋದಾಗ ಪದರಗಳುಳ್ಳ ಮೂಲ ಚಿತ್ರಕಡತವಿಲ್ಲದೆ ತಿದ್ದಲಾಗದು. ದೃಷ್ಟಿಹೀನರ ಓದುವ ತಂತ್ರಾಂಶಕ್ಕೆ ಆ ಬರಹ ಸಿಗುವುದೂ ಇಲ್ಲ.

ಪ್ರತಿಗಳು

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಕಚೇರಿಯ ಹೊರಗೆ ಎಂಬುದು ಗಣಕ ಕ್ಷೇತ್ರದಲ್ಲಿ ಬಹುಕಾಲದಿಂದ ಪಾಲಿಸುತ್ತಿರುವ ಕ್ರಮ. ಪಂಚಾಯಿತಿಯ ಮಟ್ಟದಲ್ಲಿ ಕಚೇರಿಯ ಗಣಕಯಂತ್ರ, ಬೀರುವಿನಲ್ಲಿ ಬೀಗ ಹಾಕಿಟ್ಟ ಹೊರ ಹಾರ್ಡ್ ಡಿಸ್ಕ್, ಮತ್ತು ಪಂಚಾಯಿತಿಯ ಹೆಸರಿನ ಖಾತೆಯಲ್ಲಿರುವ ಆನ್‌ಲೈನ್ ಸಂಗ್ರಹ ಇವು ಸಾಕು. ಹಾರ್ಡ್ ಡಿಸ್ಕನ್ನು ಸದಾ ಯಂತ್ರಕ್ಕೆ ಜೋಡಿಸಿಯೇ ಇಡುವುದು ಸರಿಯಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ವಾನಾಕ್ರೈ’ಯಂತಹ ಕುತಂತ್ರಾಂಶಗಳು ಯಂತ್ರದೊಳಗಿನ ಕಡತಗಳ ಜೊತೆಗೆ ಅದಕ್ಕೆ ಜೋಡಿಸಿದ ಡಿಸ್ಕಿನ ಕಡತಗಳನ್ನೂ ಬೀಗಮುದ್ರೆಗೊಳಿಸುತ್ತವೆ. ನಕಲು ಮುಗಿದೊಡನೆ ಡಿಸ್ಕನ್ನು ಕಳಚಿ ಬೀರುವಿಗೆ ಸೇರಿಸಬೇಕು. ವಿದ್ಯುತ್ ಕಡಿತದ ಹೊತ್ತಿನಲ್ಲಿ ಕಡತ ಉಳಿಸುತ್ತಿದ್ದರೆ ಅದು ಅರ್ಧಕ್ಕೆ ನಿಂತು ಕೆಡಬಹುದಾದ್ದರಿಂದ ಯುಪಿಎಸ್‌ನ ಬ್ಯಾಟರಿ ಸುಸ್ಥಿತಿಯಲ್ಲಿದೆಯೇ ಎಂಬುದೂ ಕೇಳತಕ್ಕ ಪ್ರಶ್ನೆಯೇ.

ತೆಗೆದಿಟ್ಟ ಪ್ರತಿ ತೆರೆಯುತ್ತದೆಯೇ ಎಂದು ನೋಡದಿದ್ದರೆ ಅದು ಇದ್ದೂ ಇಲ್ಲದಂತೆ. ಆರು ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ಪ್ರತಿಯನ್ನು ತೆರೆದು, ಒಂದು ಪದ ತಿದ್ದಿ ನೋಡಬೇಕು.

ಸರ್ವರ್‌ನಲ್ಲಿ ಇರಬಾರದ್ದು

ಕೆಲಸದ ಫೋಲ್ಡರಿನಲ್ಲಿ ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಪಡಿತರ ಚೀಟಿಯ ನಕಲುಗಳು ಸೇರಿಕೊಂಡಿರುತ್ತವೆ. ಪಟ್ಟಿ ಸಿದ್ಧಪಡಿಸುವಾಗ ಅವು ಬೇಕಾಗಿರುತ್ತವೆ. ಸುಲಭವೆಂದು ಇಡೀ ಫೋಲ್ಡರನ್ನೇ ಸರ್ವರ್‌ಗೆ ಏರಿಸಿದರೆ, ಅಥವಾ ಬ್ಯಾಕಪ್‌ನ ಜಿಪ್ ಕಡತವನ್ನು ಜಾಲತಾಣದ ಸಾರ್ವಜನಿಕ ಫೋಲ್ಡರಿನಲ್ಲೇ ಇಟ್ಟರೆ, ಪುಟಗಳಲ್ಲಿ ಕೊಂಡಿ ಇಲ್ಲದಿದ್ದರೂ ವಿಳಾಸ ಊಹಿಸಿದ ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು. ಗ್ರಾಮದ ವಿಧವಾ ವೇತನದಾರರ ಖಾತೆ ಸಂಖ್ಯೆಗಳು ವಂಚಕರ ಕೈಸೇರಲು ಇಷ್ಟು ಸಾಕು. ಪ್ರಕಟಣೆಯ ಫೋಲ್ಡರು ಬೇರೆ, ಕೆಲಸದ ಫೋಲ್ಡರು ಬೇರೆ ಇರಬೇಕು, ಎರಡನ್ನೂ ಬೆರೆಸಕೂಡದು.

ಕಾರ್ಯಾದೇಶ ಮತ್ತು ಹಸ್ತಾಂತರ

ಸದಸ್ಯರು ತಂತ್ರಾಂಶ ಕಲಿಯಬೇಕಾಗಿಲ್ಲ. ಸಾಮಾನ್ಯ ಸಭೆಯಲ್ಲಿ ಜಾಲತಾಣದ ವೆಚ್ಚ ಮಂಜೂರಾತಿಗೆ ಬಂದಾಗ ಕಾರ್ಯಾದೇಶದ ಕರಡನ್ನು ಓದಿದರೆ ಅರ್ಧ ಕೆಲಸ ಮುಗಿಯುತ್ತದೆ. ಮೂಲ ಕಡತಗಳು, ಚಿತ್ರಗಳ ಮೂಲ ಪ್ರತಿಗಳು ಮತ್ತು ದತ್ತಸಂಚಯದ ಪ್ರತಿಯನ್ನು ಒಪ್ಪಿಸಿದ ನಂತರವೇ ಅಂತಿಮ ಕಂತು ಎಂಬ ಷರತ್ತು ಅದರಲ್ಲಿರಬೇಕು. ಕೃತಿಸ್ವಾಮ್ಯವನ್ನು ಪಂಚಾಯಿತಿಗೆ ವರ್ಗಾಯಿಸುವ ಮಾತು ಬಾಯಿಮಾತಿನಲ್ಲಿ ನಿಂತರೆ ಬೆಲೆಯಿಲ್ಲ. ವರ್ಗಾವಣೆ ಲಿಖಿತವಾಗಿ ಸಹಿಯಾಗಿರಬೇಕೆಂದು ಕೃತಿಸ್ವಾಮ್ಯ ಅಧಿನಿಯಮ, 1957ರ 19ನೇ ಪ್ರಕರಣ ಹೇಳುತ್ತದೆ. ಜಾಲತಾಣದ ವಿಳಾಸದ ನೋಂದಣಿ, ಹೋಸ್ಟಿಂಗ್ ಖಾತೆ ಮತ್ತು ಅವುಗಳಿಗೆ ಸೇರಿಸಿದ ಮೊಬೈಲ್ ಸಂಖ್ಯೆ ವಿನ್ಯಾಸಕಾರರ ಹೆಸರಿನಲ್ಲಿರಕೂಡದು. ಒಟಿಪಿ ಯಾರ ಕೈಗೆ ಬರುತ್ತದೆಯೋ ಜಾಲತಾಣದ ಹಿಡಿತ ಅವರದೇ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ವರ್ಗಾವಣೆಗೊಂಡಾಗ ಪ್ರಭಾರ ಪಟ್ಟಿಯಲ್ಲಿ ಮೇಜು, ಕುರ್ಚಿ, ಪ್ರಿಂಟರುಗಳ ಜೊತೆಗೆ ಮೂಲ ಕಡತಗಳ ಡಿಸ್ಕೂ ಒಂದು ಸಾಲಾಗಿ ಸೇರಬೇಕು. ಪಾಸ್‌ವರ್ಡುಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ ಒಪ್ಪಿಸಿ, ಹೊಸಬರು ಅಂದೇ ಅವನ್ನು ಬದಲಿಸುವುದು ಒಳ್ಳೆಯದು.

ಈಗಾಗಲೇ ಮೂಲ ಕಡತ ಕಳೆದುಹೋಗಿರುವ ಪಂಚಾಯಿತಿಗಳಲ್ಲಿ ಮಾಡಬಹುದಾದುದು ಇಷ್ಟು. ಹೋಸ್ಟಿಂಗ್ ಅವಧಿ ಮುಗಿಯುವ ಮೊದಲೇ ಸರ್ವರ್‌ನಲ್ಲಿರುವ ಎಲ್ಲವನ್ನೂ ಇಳಿಸಿಕೊಳ್ಳಬೇಕು. ಜಾಲತಾಣ ಆಗಲೇ ನಿಂತಿದ್ದರೆ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ‘ವೇಬ್ಯಾಕ್ ಮಷಿನ್’ನಲ್ಲಿ ಹಳೆಯ ವಿಳಾಸವನ್ನು ಹುಡುಕಿ ನೋಡಬಹುದು, 1996ರಿಂದ ಆ ಸಂಸ್ಥೆ ಜಗತ್ತಿನ ಜಾಲಪುಟಗಳ ಪ್ರತಿಗಳನ್ನು ಸಂಗ್ರಹಿಸುತ್ತ ಬಂದಿದೆ. ಎಲ್ಲ ಪುಟಗಳೂ ಅಲ್ಲಿ ಸಿಗುತ್ತವೆಂಬ ಭರವಸೆಯಿಲ್ಲ, ಸಿಕ್ಕಿದ್ದೂ ಅಚ್ಚಾದ ಪ್ರತಿಯೇ ಹೊರತು ಮೂಲ ಕಡತವಲ್ಲ. ಆದರೂ ಹಿಂದಿನ ಅಧ್ಯಕ್ಷರು ಮತ್ತು ಸದಸ್ಯರ ಪಟ್ಟಿ, ಗ್ರಾಮ ಸಭೆಯ ಸೂಚನೆಗಳು, ಹಳೆಯ ಕೆರೆಯ ಛಾಯಾಚಿತ್ರ ಮುಂತಾದವು ದೊರೆತರೆ ಅವನ್ನು ಪಠ್ಯವಾಗಿಯೂ ಚಿತ್ರವಾಗಿಯೂ ಬೇರ್ಪಡಿಸಿ, ದಿನಾಂಕ ಬರೆದ ಹೊಸ ಫೋಲ್ಡರಿನಲ್ಲಿ ಇರಿಸಿ, ಮುಂದಿನ ಜಾಲತಾಣದ ಕಾರ್ಯಾದೇಶಕ್ಕೆ ಲಗತ್ತಿಸಬಹುದು.